ಕುರಿಹಾರಾ ಸದಾಕೊ ಕುರಿತ ನಿಮ್ಮ ಲೇಖನವನ್ನು ಓದಿದೆ

ಪ್ರಿಯ ಸೋದರಿ, ಶರಣು ಶರಣಾರ್ಥಿಗಳು.

ಶಹಾಪುರ ತಾಲ್ಲೂಕಿನಿಂದ ನೀವು ಕಳುಹಿಸಿದ ‘ಬೂದಿಯಲ್ಲಿ ಅರಳಿದ ಹೂವು’ ಎಂಬ ಲೇಖನ ಕಲಬುರಗಿಯ ನಮ್ಮ ಕಚೇರಿಗೆ ತಲುಪಿ ಒಂದು ತಿಂಗಳಾಯಿತು. ಇಪ್ಪತ್ತೆರಡು ಪುಟಗಳ ಅಚ್ಚುಕಟ್ಟಾದ ಕೈಬರಹವನ್ನು ಎರಡು ಸಲ ಓದಿದೆ. ಜಪಾನಿನ ಕವಯಿತ್ರಿ, ಅಣ್ವಸ್ತ್ರ ವಿರೋಧಿ ಹೋರಾಟಗಾರ್ತಿ ಕುರಿಹಾರಾ ಸದಾಕೊ ಅವರ ಬದುಕನ್ನು ನಮ್ಮ ಭಾಗದ ಓದುಗರಿಗೆ ಪರಿಚಯಿಸಬೇಕೆಂಬ ನಿಮ್ಮ ಆಸೆ ನನಗೆ ಬಹಳ ಹಿಡಿಸಿತು. ಆದ್ದರಿಂದಲೇ ಎರಡು ಸಾಲಿನ ವಿಷಾದಪತ್ರ ಬರೆದು ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ಲೇಖನ ಈಗಿರುವ ರೂಪದಲ್ಲಿ ಪ್ರಕಟಣೆಗೆ ಯೋಗ್ಯವಾಗಿಲ್ಲ. ಏಕೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ. ತಿದ್ದಿ ಮತ್ತೆ ಕಳುಹಿಸುತ್ತೀರೆಂಬ ನಂಬಿಕೆಯಿಂದಲೇ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪನ್ನು ತಿದ್ದಿಬಿಡೋಣ. ಆರನೆಯ ಪುಟದಲ್ಲಿ ನಿಮ್ಮ ಕಥಾನಾಯಕಿ ಆಸ್ಪತ್ರೆಯಲ್ಲಿ ಮಲಗಿ ಕಾಗದದ ಕೊಕ್ಕರೆಗಳನ್ನು ಮಡಿಚುತ್ತಾರೆ. ಅದು ಸಸಾಕಿ ಸದಾಕೊ ಎಂಬ ಬೇರೊಬ್ಬ ಬಾಲಕಿಯ ಕಥೆ. ಬಾಂಬು ಬಿದ್ದಾಗ ಆ ಮಗುವಿಗೆ ಎರಡು ವರ್ಷ. 1955ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಕುರಿಹಾರಾ ಸದಾಕೊ 1913ರಲ್ಲಿ ಹಿರೋಶಿಮಾದಲ್ಲಿ ಹುಟ್ಟಿ, 2005ರವರೆಗೆ, ತೊಂಬತ್ತೆರಡು ವರ್ಷ ಬದುಕಿದವರು. ಹೆಸರು ಒಂದೇ ಆದ್ದರಿಂದ ಇಬ್ಬರ ಬದುಕೂ ಒಂದರೊಳಗೊಂದು ಬೆರೆತಿವೆ. ಇಂಥ ತಪ್ಪು ಯಾರಿಂದಲಾದರೂ ಆಗುತ್ತದೆ. ಆದರೆ ಕೊಕ್ಕರೆಯ ಕಥೆ ನಿಮಗೆ ಅಷ್ಟು ಸುಲಭವಾಗಿ ಒಗ್ಗಿಕೊಂಡದ್ದೇಕೆ ಎಂದು ಒಮ್ಮೆ ಯೋಚಿಸಿ. ನಿಮ್ಮ ಲೇಖನಕ್ಕೆ ಬೇಕಾಗಿದ್ದದ್ದು ಕಣ್ಣೀರು ತರಿಸುವ, ಯಾರನ್ನೂ ಏನನ್ನೂ ಕೇಳದ ಒಬ್ಬ ಸಂತ್ರಸ್ತೆ. ಕುರಿಹಾರಾ ಅಂಥವರಲ್ಲ. ಲೇಖನದ ಉಳಿದ ಕೊರತೆಗಳೆಲ್ಲ ಇಲ್ಲಿಂದಲೇ ಹುಟ್ಟಿವೆ.

ಮೊದಲ ಮೂರು ಪುಟಗಳನ್ನು ಬಾಂಬಿಗೆ ಕೊಟ್ಟಿದ್ದೀರಿ. ವಿಮಾನದ ಹೆಸರು, ಬೆಳಗಿನ ಎಂಟೂ ಹದಿನೈದರ ಹೊತ್ತು, ಯುರೇನಿಯಂ ಒಡೆಯುವ ಬಗೆ, ಎಲ್ಲವೂ ಅಲ್ಲಿವೆ. ಇವು ಓದುಗರಿಗೆ ಗೊತ್ತಿರುವ ಸಂಗತಿಗಳು. ನಾಲ್ಕು ಸಾಲು ಸಾಕು. ಯುರೇನಿಯಂ ಬಗ್ಗೆ ಬರೆಯಲೇಬೇಕೆಂದಿದ್ದರೆ, ನಿಮ್ಮದೇ ತಾಲ್ಲೂಕಿನ ಗೋಗಿಯಲ್ಲಿ ಆ ಅದಿರಿಗಾಗಿ ನೆಲ ಅಗೆದದ್ದನ್ನೂ, ಊರಿನವರು ನೀರಿಗೆ, ಮಕ್ಕಳ ಆರೋಗ್ಯಕ್ಕೆ ಹೆದರಿ ಅದನ್ನು ವಿರೋಧಿಸಿದ್ದನ್ನೂ ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಕುರಿಹಾರಾ ಬಾಂಬನ್ನಷ್ಟೇ ಅಲ್ಲ, ಅಣು ವಿದ್ಯುತ್ತನ್ನೂ ವಿರೋಧಿಸಿದವರು ಎಂಬುದನ್ನು ಸೇರಿಸಿದರೆ ಆ ಮಾತಿಗೊಂದು ನೆಲೆ ಸಿಗುತ್ತದೆ.

ಬಾಂಬಿಗೆ ಮೂರು ಪುಟ ಕೊಟ್ಟ ನೀವು ಅದಕ್ಕಿಂತ ಮುಂಚಿನ ಮೂವತ್ತೆರಡು ವರ್ಷಗಳನ್ನು ‘ಬಾಲ್ಯದಿಂದಲೇ ಸಾಹಿತ್ಯಾಸಕ್ತಿ ಹೊಂದಿದ್ದ ಅವರು’ ಎಂಬ ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಇದು ಲೇಖನದ ದೊಡ್ಡ ನಷ್ಟ. ಹದಿನೆಂಟರ ಹುಡುಗಿಯೊಬ್ಬಳು ಮನೆಯವರ ವಿರೋಧ ಕಟ್ಟಿಕೊಂಡು, ಸರ್ಕಾರದ ಕಣ್ಣಿಗೆ ಬಿದ್ದಿದ್ದ ಅರಾಜಕತಾವಾದಿ ತರುಣ ಕುರಿಹಾರಾ ತದಾಇಚಿಯನ್ನು 1931ರಲ್ಲಿ ಮದುವೆಯಾದದ್ದು, ಗಂಡಹೆಂಡತಿ ದಿನಬಳಕೆಯ ಸಾಮಾನಿನ ಸಣ್ಣ ಅಂಗಡಿ ನಡೆಸಿ ಸಂಸಾರ ತೂಗಿಸಿದ್ದು, ಸೈನ್ಯಕ್ಕೆ ಎಳೆದೊಯ್ಯಲ್ಪಟ್ಟ ಗಂಡ ಚೀನಾದಿಂದ ಮರಳಿ ಬಂದು ಅಲ್ಲಿ ತನ್ನವರೇ ನಡೆಸಿದ ಕ್ರೌರ್ಯವನ್ನು ಹೇಳಿದ್ದು, ಇವೆಲ್ಲ ಎಲ್ಲಿ ಹೋದವು? 1942ರಲ್ಲಿ, ಇಡೀ ದೇಶ ಗೆಲುವಿನ ಅಮಲಿನಲ್ಲಿದ್ದಾಗ, ಯುದ್ಧವೆಂದರೇನು ಎಂದು ಕೇಳುವ ಪದ್ಯವೊಂದನ್ನು ಅವರು ಗುಟ್ಟಾಗಿ ಬರೆದಿಟ್ಟುಕೊಂಡರು. ಎಷ್ಟೇ ಅಂದವಾಗಿ ಸಿಂಗರಿಸಿದರೂ ಯುದ್ಧದ ಮುಖ ರಾಕ್ಷಸನದೇ ಎಂದು ಆ ಪದ್ಯ ಹೇಳುತ್ತದೆ. ಮನೆಯಲ್ಲಿ ಒಳ್ಳೆಯ ತಂದೆ, ಒಳ್ಳೆಯ ಅಣ್ಣ, ಒಳ್ಳೆಯ ಮಗನಾಗಿದ್ದ ಗಂಡಸು ರಣರಂಗದಲ್ಲಿ ಮೃಗವಾಗುವುದನ್ನು ನೋಡುತ್ತದೆ. ಅಂದರೆ ಈ ಹೆಣ್ಣುಮಗಳು ಯುದ್ಧ ವಿರೋಧಿಯಾದದ್ದು ಬಾಂಬು ತನ್ನೂರಿನ ಮೇಲೆ ಬಿದ್ದುದರಿಂದ ಅಲ್ಲ. ಅದಕ್ಕೆ ಮೂರು ವರ್ಷ ಮೊದಲೇ, ಪರರ ನಾಡಿನಲ್ಲಿ ತನ್ನ ನಾಡಿನವರು ಮಾಡುತ್ತಿದ್ದುದನ್ನು ತಿಳಿದು ಆಕೆ ಯುದ್ಧಕ್ಕೆ ಎದುರಾಗಿ ನಿಂತಿದ್ದರು. ಇದನ್ನು ಬಿಟ್ಟರೆ ಅವರ ಮುಂದಿನ ಬದುಕಿನ ಒಂದು ಹೆಜ್ಜೆಯೂ ಅರ್ಥವಾಗುವುದಿಲ್ಲ.

ಈಗ ಆ ಪ್ರಸಿದ್ಧ ಪದ್ಯಕ್ಕೆ ಬರುತ್ತೇನೆ. ಬಾಂಬು ಬಿದ್ದ ಎರಡು ದಿನಗಳ ಮೇಲೆ, ಹಿರೋಶಿಮಾದ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ, ಮೋಂಬತ್ತಿಯೂ ಇಲ್ಲದ ಕತ್ತಲಲ್ಲಿ, ಗಾಯಾಳುಗಳ ನಡುವೆ ಹೆಂಗಸೊಬ್ಬಳಿಗೆ ನೋವು ಕಾಣಿಸಿಕೊಳ್ಳುತ್ತದೆ; ಅದುವರೆಗೆ ತಾನೇ ನರಳುತ್ತಿದ್ದ ಗಾಯಾಳುವೊಬ್ಬಳು ‘ನಾನು ಸೂಲಗಿತ್ತಿ’ ಎಂದು ಮುಂದೆ ಬರುತ್ತಾಳೆ; ಮಗು ಹುಟ್ಟುತ್ತದೆ; ಬೆಳಗಾಗುವುದರೊಳಗೆ ಸೂಲಗಿತ್ತಿ ಸಾಯುತ್ತಾಳೆ. ನೀವು ಇದನ್ನು ‘ಸದಾಕೊ ಕಣ್ಣಾರೆ ಕಂಡ ಘಟನೆ’ ಎಂದು ಬರೆದಿದ್ದೀರಿ. ಅವರು ಆ ನೆಲಮಾಳಿಗೆಯಲ್ಲಿ ಇರಲಿಲ್ಲ. ಬಾಂಬು ಸಿಡಿದ ಜಾಗದಿಂದ ಸುಮಾರು 4 ಕಿಲೋಮೀಟರ್ ದೂರದ ತಮ್ಮ ಮನೆಯಲ್ಲಿದ್ದು ಬದುಕುಳಿದ ಅವರು, ಹೆರಿಗೆಯ ಸುದ್ದಿಯನ್ನು ಇನ್ನೊಬ್ಬರ ಬಾಯಿಂದ ಕೇಳಿ ಪದ್ಯ ಕಟ್ಟಿದರು. ಸೂಲಗಿತ್ತಿಯೂ ನಿಜವಾಗಿ ಸಾಯಲಿಲ್ಲ. ಚೇತರಿಸಿಕೊಂಡು, ತಾನು ಹೆರಿಗೆ ಮಾಡಿಸಿದ ಮಗುವನ್ನು ಮುಂದೆ ಎಷ್ಟೋ ಕಾಲದ ಮೇಲೆ ಮತ್ತೆ ಕಂಡರು.

ಇದರಿಂದ ಪದ್ಯ ಸುಳ್ಳಾಗುವುದಿಲ್ಲ. ಆದರೆ ಜೀವನಚರಿತ್ರೆ ಬರೆಯುವವರು ಪದ್ಯವನ್ನು ಪಂಚನಾಮೆಯಂತೆ ಓದಬಾರದು. ಈ ಎರಡು ಸಂಗತಿಗಳನ್ನು ಎದುರುಬದುರು ಇಟ್ಟುಕೊಂಡಾಗಲೇ ನಿಜವಾದ ಪ್ರಶ್ನೆ ಹುಟ್ಟುತ್ತದೆ. ಆ ಆಗಸ್ಟ್ ತಿಂಗಳಲ್ಲಿ, ಮೈಮೇಲೆ ಗಾಯವೇ ಇಲ್ಲದವರೂ ಒಬ್ಬೊಬ್ಬರಾಗಿ ಸಾಯುತ್ತಿದ್ದಾಗ, ಮೈತುಂಬ ಗಾಯವಾಗಿದ್ದ ಸೂಲಗಿತ್ತಿ ಬದುಕಿರಬಹುದೆಂದು ಯಾರು ತಾನೆ ಎಣಿಸಿಯಾರು? ಕೇಳಿದ ಒಂದು ಮಾತಿನಿಂದ, ಕಂಡ ನೂರು ಹೆಣಗಳಿಂದ, ಆ ಪದ್ಯ ಹುಟ್ಟಿತೆಂದು ನನಗೆ ತೋರುತ್ತದೆ. ನಿಮಗೆ ಬೇರೆ ತೋರಿದರೆ ಅದನ್ನೇ ಬರೆಯಿರಿ. ಬರೆಯುವಾಗ ‘ಹೃದಯ ವಿದ್ರಾವಕ’, ‘ಅವರ್ಣನೀಯ’ ಎಂಬ ಪದಗಳನ್ನು ದಯವಿಟ್ಟು ಬಳಸಬೇಡಿ. ಒಂದೇ ಪುಟದಲ್ಲಿ ‘ಅವರ್ಣನೀಯ’ ನಾಲ್ಕು ಸಲ ಬಂದಿದೆ. ವರ್ಣಿಸುವುದೇ ನಮ್ಮ ಕೆಲಸವಾಗಿರುವಾಗ ಆ ಪದ ಕೆಲಸದಿಂದ ನುಣುಚಿಕೊಂಡಂತೆ ಕಾಣುತ್ತದೆ.

ಪದ್ಯದ ಶೀರ್ಷಿಕೆಯನ್ನು ನೀವು ಇಂಗ್ಲಿಷಿನಿಂದ ತಂದು ‘ಹೊಸ ಜೀವಕ್ಕೆ ಜನ್ಮ ನೀಡುವಿಕೆ’ ಎಂದಿದ್ದೀರಿ. ಜಪಾನಿಯಲ್ಲಿ ಅದು ‘ಉಮಾಶಿಮೇನ್ ಕನಾ’. ಹಳೆಯ ಗಾಂಭೀರ್ಯದ ಭಾಷೆ ಅದು. ಒಂದೇ ಕ್ರಿಯಾಪದದೊಳಗೆ ಹೆರುವುದಕ್ಕೆ ನೆರವಾಗುವುದೂ, ನೆರವಾಗೋಣ ಎಂಬ ಸಂಕಲ್ಪವೂ, ಕೊನೆಗೊಂದು ಉದ್ಗಾರವೂ ಅಡಗಿವೆ. ಇಂಗ್ಲಿಷಿನವರು ಇದಕ್ಕೆ ನಾಲ್ಕೈದು ಪದಗಳನ್ನು ಕೂಡಿಸಬೇಕಾಗುತ್ತದೆ. ಕನ್ನಡಕ್ಕೆ ಆ ಕಷ್ಟವಿಲ್ಲ. ‘ಮಾಡು’ ಎಂಬುದು ‘ಮಾಡಿಸು’ ಆಗುವಂತೆ ‘ಹೆರು’ ಎಂಬುದು ‘ಹೆರಿಸು’ ಆಗುತ್ತದೆ. ‘ಹೆರಿಸೋಣ’ ಎಂದೊಡನೆ ಸೂಲಗಿತ್ತಿಯ ಕೈಯೂ ಸುತ್ತ ಕುಳಿತವರ ಒಗ್ಗಟ್ಟೂ ಒಂದೇ ಪದದಲ್ಲಿ ಬಂದುಬಿಡುತ್ತವೆ. ನಮ್ಮ ಸೀಮೆಯ ಹೆಂಗಸರು ‘ಹೆರು’ ಎನ್ನುವುದಕ್ಕಿಂತ ‘ಹಡೆ’ ಎನ್ನುವುದೇ ಹೆಚ್ಚು. ‘ಹಡೆದವ್ವ’ ಎಂಬ ಮಾತು ಇರುವ ಭಾಷೆಯಲ್ಲಿ ಕುಳಿತು ‘ಜನ್ಮ ನೀಡುವಿಕೆ’ ಎಂದು ಬರೆಯಬೇಕಾದ ಬಡತನ ನಮಗಿಲ್ಲ. ನಿಮ್ಮ ಅನುವಾದದ ಉಳಿದ ಸಾಲುಗಳಿಗೂ ಇದೇ ಮಾತು ಸಲ್ಲುತ್ತದೆ.

ಹನ್ನೊಂದನೆಯ ಪುಟದಲ್ಲಿ ‘ಅವರ ದನಿಯನ್ನು ಯಾವ ಶಕ್ತಿಯೂ ತಡೆಯಲಾಗಲಿಲ್ಲ’ ಎಂದಿದ್ದೀರಿ. ತಡೆದರು, ಸೋದರಿ. ಯುದ್ಧಕಾಲದಲ್ಲಿ ಆ ಪದ್ಯಗಳನ್ನು ಅಚ್ಚು ಹಾಕಿಸುವ ಮಾತೇ ಇರಲಿಲ್ಲ. ಯುದ್ಧ ಮುಗಿದು, 1946ರ ಮಾರ್ಚಿನಲ್ಲಿ ಗಂಡಹೆಂಡತಿ ತಂದ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಹೆರಿಗೆಯ ಪದ್ಯ ಬೆಳಕು ಕಂಡಿತು. ಆದರೆ ಅದೇ ವರ್ಷ ಹೊರಬಂದ ‘ಕುರೋಯಿ ತಮಾಗೊ’, ಅಂದರೆ ‘ಕಪ್ಪು ಮೊಟ್ಟೆ’, ಎಂಬ ಸಂಕಲನವನ್ನು ಸೋತ ಜಪಾನಿನ ಆಡಳಿತವನ್ನು ಕೈಗೆ ತೆಗೆದುಕೊಂಡಿದ್ದ ಅಮೆರಿಕದ ಸೇನೆಯ ಸೆನ್ಸಾರ್ ಅಧಿಕಾರಿಗಳು ಅಚ್ಚಿಗೆ ಮೊದಲೇ ತರಿಸಿಕೊಂಡು, ಕೆಲವು ಪದ್ಯಗಳನ್ನು ತೆಗೆಸಿಹಾಕಿದರು. ಸೆನ್ಸಾರ್ ಕಚೇರಿಗೆ ಹೋಗಿದ್ದ ಕರಡು ಪ್ರತಿ ಎಷ್ಟೋ ವರ್ಷಗಳ ಮೇಲೆ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ದೊರೆಯಿತು. ಪುಸ್ತಕ ಇಡಿಯಾಗಿ ಬಂದದ್ದು 1983ರಲ್ಲಿ. ಮೂವತ್ತೇಳು ವರ್ಷ ಕಳೆದಿದ್ದವು, ಕವಯಿತ್ರಿಗೆ ಎಪ್ಪತ್ತಾಗಿತ್ತು. ಸೋತ ತನ್ನ ಸರ್ಕಾರಕ್ಕೂ ಗೆದ್ದ ಪರರ ಸರ್ಕಾರಕ್ಕೂ ಒಬ್ಬಳೇ ಹೆಂಗಸು ಬೇಡವಾಗಿದ್ದಳು ಎಂಬ ಈ ಸಂಗತಿಯ ಮುಂದೆ ನಿಮ್ಮ ಆ ಹೊಗಳಿಕೆಯ ವಾಕ್ಯ ನಿಲ್ಲುವುದಿಲ್ಲ.

ಅಕ್ಕಮಹಾದೇವಿಯೊಂದಿಗಿನ ಹೋಲಿಕೆಯನ್ನು ಪೂರ್ತಿ ತೆಗೆಯಿರಿ. ಹೆಣ್ಣು ಮತ್ತು ಕವಿ ಎಂಬುದರ ಹೊರತು ಅಲ್ಲಿ ಹೋಲಿಕೆಗೆ ಆಧಾರವಿಲ್ಲ. ಇಬ್ಬರಿಗೂ ಅದರಿಂದ ಅನ್ಯಾಯವಾಗುತ್ತದೆ. ಪ್ರಶಸ್ತಿಗಳ ಪಟ್ಟಿಯೂ ಬೇಡ.

ನಾನು ಲೇಖನದುದ್ದಕ್ಕೂ ಹುಡುಕಿಯೂ ಕಾಣದಿದ್ದುದು 1972ರ ಪದ್ಯ. ‘ಹಿರೋಶಿಮಾ’ ಎಂದು ನಾವು ಹೇಳಿದಾಗ ಜಗತ್ತು ಮರುಕದಿಂದ ಓಗೊಡುತ್ತದೆಯೇ ಎಂದು ಅದು ಕೇಳುತ್ತದೆ. ಇಲ್ಲ, ಜಪಾನಿನ ಸೈನ್ಯ ಮಾಡಿದ್ದನ್ನು ನೆನಪಿಸಿ, ಮಾರುತ್ತರವಾಗಿ ಪರ್ಲ್ ಹಾರ್ಬರ್ ಎನ್ನುತ್ತಾರೆ, ಚೀನಾದ ನಾನ್‌ಜಿಂಗ್‌ನ ಹತ್ಯಾಕಾಂಡ ಎನ್ನುತ್ತಾರೆ, ಮನಿಲಾದಲ್ಲಿ ಬೆಂಕಿಗೆ ತುತ್ತಾದ ಹೆಂಗಸರು ಮಕ್ಕಳು ಎನ್ನುತ್ತಾರೆ. ಮರುಕದ ಓಗೊಡುವಿಕೆ ಬೇಕಾದರೆ ನಾವು ಮೊದಲು ಆಯುಧ ಕೆಳಗಿಡಬೇಕು, ನಮ್ಮ ಕೊಳೆಯಾದ ಕೈಗಳನ್ನು ತೊಳೆದುಕೊಳ್ಳಬೇಕು ಎಂದು ಪದ್ಯ ಹೇಳುತ್ತದೆ. ಇದನ್ನು ಹೇಳಿದವರು ಬಾಂಬು ಬಿದ್ದ ಊರಿನವರೇ. 1945ರ ಕೊನೆಯ ಹೊತ್ತಿಗೆ ಸುಮಾರು 1,40,000 ಜನರನ್ನು ಕಳೆದುಕೊಂಡ ಊರಿನ ಹೆಣ್ಣುಮಗಳು ತನ್ನವರ ತಪ್ಪನ್ನು ಹೇಳಿದ ಮೇಲೆ, ಶಾಂತಿ ಎಂಬ ಪದ ಮೆರವಣಿಗೆಯ ಪದವಾಗಿ ಉಳಿಯುವುದಿಲ್ಲ. ನಿಮ್ಮ ಹೊಸ ಲೇಖನದಲ್ಲಿ ಅತಿ ಹೆಚ್ಚು ಜಾಗ ಈ ಪದ್ಯಕ್ಕೆ ಸಲ್ಲಬೇಕು. 1942ರ ಪದ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಿ; ಮೂವತ್ತು ವರ್ಷಗಳ ಅಂತರದಲ್ಲಿ ಒಂದೇ ಕೈ ಒಂದೇ ಮಾತನ್ನು ಬರೆದಿದೆ.

ಕೊನೆಯ ಪುಟದಲ್ಲಿ ‘ಶಾಂತಿಪ್ರಿಯರಾದ ನಮ್ಮ ನಾಡಿನವರು ಇವರಿಂದ ಸ್ಫೂರ್ತಿ ಪಡೆಯಬೇಕು’ ಎಂದು ಮುಗಿಸಿದ್ದೀರಿ. ನಮ್ಮ ನಾಡನ್ನು ತರಲೇಬೇಕೆಂದಿದ್ದರೆ ಆ ಪದ್ಯ ಕೇಳುವ ರೀತಿಯಲ್ಲೇ ತನ್ನಿ. ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಕಲಬುರಗಿ, ಬೀದರ್, ಯಾದಗಿರಿಗಳಲ್ಲಿ ಧ್ವಜ ಹಾರಿಸಿ, ಹೈದರಾಬಾದ್ ನಿಜಾಮನ ಪರ ನಿಂತ ಖಾಸಗಿ ಪಡೆ ರಜಾಕಾರರ ಹಾವಳಿಯನ್ನು ನೆನೆಯುತ್ತೇವೆ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಕಡೆಯ ಗೋರ್ಟಾದಲ್ಲಿ ಹರಿದ ನೆತ್ತರನ್ನು ನೆನೆಯಬೇಕಾದದ್ದೇ. ಆದರೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿಕೊಂಡ ಸೈನಿಕ ಕಾರ್ಯಾಚರಣೆಯಾದ ಪೊಲೀಸ್ ಆಕ್ಷನ್ ಬೆನ್ನಿಗೆ ಈ ಸೀಮೆಯ ಮುಸಲ್ಮಾನರ ಮೇಲೆ ಕೊಲೆ, ಲೂಟಿ, ಅತ್ಯಾಚಾರಗಳು ನಡೆದವು. ನೆಹರೂ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಹೆಸರಿಸಿದ ನಾಲ್ಕರಲ್ಲಿ ಉಸ್ಮಾನಾಬಾದ್, ನಾಂದೇಡ್‌ಗಳ ಜೊತೆಗೆ ನಮ್ಮ ಗುಲ್ಬರ್ಗ, ಬೀದರ್ ಎರಡೂ ಇವೆ. ಆ ವರದಿ ದಶಕಗಟ್ಟಲೆ ಜನರ ಕೈಗೆ ಸಿಗಲಿಲ್ಲ. ಒಂದು ನೋವನ್ನು ಹೇಳಿ ಇನ್ನೊಂದನ್ನು ನುಂಗಿಕೊಳ್ಳುವ ನಮ್ಮ ಅಭ್ಯಾಸದ ಎದುರು ಕುರಿಹಾರಾ ಅವರ ಪದ್ಯವನ್ನು ಇಡುವ ಧೈರ್ಯ ನಿಮಗಿದ್ದರೆ ಇಡಿ. ಅದರಿಂದ ಬರುವ ಪತ್ರಗಳಿಗೆ ಉತ್ತರ ಕೊಡುವ ಹೊಣೆ ಸಂಪಾದಕನಾದ ನನ್ನದು. ಈಗ ಬರೆಯಲಾಗದು ಎನಿಸಿದರೆ ನಮ್ಮ ನಾಡಿನ ಪ್ರಸ್ತಾಪವನ್ನೇ ಬಿಟ್ಟುಬಿಡಿ. ಲೇಖನ ಜಪಾನಿನಲ್ಲೇ ಮುಗಿದರೂ ಊನವಿಲ್ಲ. ‘ಸ್ಫೂರ್ತಿ ಪಡೆಯಬೇಕು’ ಎಂಬ ಸಾಲನ್ನು ಮಾತ್ರ ನಾನು ಅಚ್ಚು ಹಾಕಲಾರೆ.

ಹಸ್ತಪ್ರತಿಯನ್ನು ಪೆನ್ಸಿಲ್ ಗುರುತುಗಳೊಂದಿಗೆ ಇದೇ ಲಕೋಟೆಯಲ್ಲಿ ಮರಳಿಸುತ್ತಿದ್ದೇನೆ. ಹತ್ತು ಪುಟ ಮೀರದಂತೆ ಮತ್ತೆ ಬರೆಯಿರಿ. ಜುಲೈ ಮೊದಲ ವಾರದೊಳಗೆ ಬಂದರೆ ಆಗಸ್ಟ್ ಸಂಚಿಕೆಯಲ್ಲಿ ಜಾಗ ಕಾದಿಟ್ಟಿರುತ್ತೇನೆ. ಲೇಖನದ ಜೊತೆಗಿಟ್ಟ ಪತ್ರದಲ್ಲಿ, ನಿಮ್ಮ ಆಯಿ ಊರಿನ ಸೂಲಗಿತ್ತಿಯಾಗಿದ್ದರು, ಕರೆಂಟ್ ಇಲ್ಲದ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಹೆರಿಗೆ ಮಾಡಿಸಿದ್ದಾರೆ, ಈಗಲೂ ನಿಮ್ಮೊಡನೆಯೇ ಇದ್ದಾರೆ ಎಂದು ಬರೆದಿದ್ದೀರಿ. ಇಪ್ಪತ್ತೆರಡು ಪುಟಗಳಲ್ಲಿ ಎಲ್ಲಿಯೂ ಸಿಗದ ಜೀವ ಆ ಮೂರು ಸಾಲುಗಳಲ್ಲಿತ್ತು. ಅನುವಾದಕ್ಕೆ ಕೂರುವ ಮುನ್ನ ಅವರ ಪಕ್ಕದಲ್ಲಿ ಒಂದು ಸಂಜೆ ಕುಳಿತು ಆ ಪದ್ಯವನ್ನು ಕಥೆಯಂತೆ ಹೇಳಿ. ದೀಪವಿಲ್ಲದ ಮನೆಯಲ್ಲಿ ನೋವು ತಿನ್ನುವ ಹುಡುಗಿಗೆ ಅವರು ಏನೆಂದು ಹೇಳುತ್ತಿದ್ದರು, ಸುತ್ತಲಿನ ಹೆಂಗಸರನ್ನು ಯಾವ ಮಾತಿನಿಂದ ಹತ್ತಿರ ಕರೆಯುತ್ತಿದ್ದರು ಎಂದು ಕೇಳಿ, ಅವರ ಬಾಯಿಂದ ಬಂದ ಹಾಗೆಯೇ ಬರೆದುಕೊಳ್ಳಿ.

ನಿಮ್ಮ ಹಿತೈಷಿ,
ಸಂಪಾದಕ, ಕಲಬುರಗಿ