ದಪ್ಪಕ್ಷರಕ್ಕೆ ಒಪ್ಪುವ ಜಾಗ

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಶಾಲೆಯ ಮಕ್ಕಳ ಸಂತೆಗೆ ಬ್ಯಾನರನ್ನೂ, ಮಕ್ಕಳೇ ಬರೆದ ಕಥೆಗಳ ಪುಸ್ತಿಕೆಯನ್ನೂ ಮಾಡಿಸಬೇಕಾಗಿದೆ. ಕೈಯಲ್ಲಿ ಬರೆದಂತೆ ಕಾಣುವ ದಪ್ಪನೆಯ, ದುಂಡನೆಯ ಫಾಂಟನ್ನು ಎರಡಕ್ಕೂ ಬಳಸಬಹುದೇ?
— ಓದುಗರು, ಗುಳೇದಗುಡ್ಡ

ಉತ್ತರ: ಬ್ಯಾನರಿಗೆ ಅವಶ್ಯವಾಗಿ ಬಳಸಿರಿ. ಪುಸ್ತಿಕೆಯಲ್ಲಿ ಮುಖಪುಟಕ್ಕೂ ಕಥೆಗಳ ತಲೆಬರಹಕ್ಕೂ ಮಾತ್ರ ಸಾಕು.

ಕನ್ನಡದ ಅಕ್ಷರಗಳು ಮೊದಲೇ ದುಂಡಗಿರುವುದರಿಂದ ದಪ್ಪವಾದಾಗ ಇನ್ನಷ್ಟು ಮುದ್ದಾಗಿ ಕಾಣುತ್ತವೆ ನಿಜ, ಆದರೆ ಗೆರೆ ದಪ್ಪವಾದಷ್ಟೂ ಅಕ್ಷರದ ಒಳಗಿನ ಬಯಲು ಕಿರಿದಾಗುತ್ತದೆ. ‘ದ’ಕಾರದಿಂದ ‘ಧ’ಕಾರವನ್ನು ಬೇರೆ ಮಾಡುವುದು ಬುಡದಲ್ಲಿರುವ ಒಂದು ಸಣ್ಣ ಸೀಳು, ‘ಥ’ಕಾರವನ್ನು ಗುರುತಿಸುವುದು ಹೊಟ್ಟೆಯೊಳಗಿನ ಚುಕ್ಕೆ, ‘ಪ’ ಮತ್ತು ‘ಷ’ಗಳ ನಡುವೆ ಇರುವುದೂ ಒಳಗಿನ ಒಂದು ಗೆರೆಯ ಅಂತರವಷ್ಟೇ. ಚಿಕ್ಕ ಅಳತೆಯಲ್ಲಿ ಅಚ್ಚಾದಾಗ ಇವೆಲ್ಲ ಮಸಿಯಲ್ಲಿ ಮುಚ್ಚಿಹೋಗಿ ‘ಧನ’ವು ‘ದನ’ವಾಗುತ್ತದೆ. ರೂಢಿಯಿರುವ ಓದುಗರು ಅದನ್ನು ಸಂದರ್ಭದಿಂದ ತಿದ್ದಿಕೊಂಡಾರು, ಈಗಷ್ಟೇ ಅಕ್ಷರ ಕೂಡಿಸಿ ಓದುತ್ತಿರುವ ಮಗುವಿಗೆ ಅದು ಸಾಧ್ಯವಿಲ್ಲ. ಅಂಗಡಿಯ ಬೋರ್ಡು ಬರೆಯುವ ಪೇಂಟರು ಇಕ್ಕಟ್ಟಾದ ಕಡೆ ಕುಂಚವನ್ನು ತುಸು ತೆಳುವಾಗಿಸಿ ಸೀಳನ್ನು ಉಳಿಸಿಕೊಳ್ಳುತ್ತಾರೆ; ಫಾಂಟಿನಲ್ಲಿ ಆ ಎಚ್ಚರವನ್ನು ವಿನ್ಯಾಸಕಾರರೇ ಮುಂಚಿತವಾಗಿ ವಹಿಸಿರಬೇಕು. ಆದ್ದರಿಂದ ಫಾಂಟನ್ನು ಆರಿಸುವ ಮುನ್ನ ‘ರಾಷ್ಟ್ರ’, ‘ಸ್ವಾತಂತ್ರ್ಯ’, ‘ಅರ್ಘ್ಯ’, ‘ವಿಷಯ’ ಎಂಬ ಪದಗಳನ್ನು ಟೈಪಿಸಿ, ಮುದ್ರಿಸಿ, ಕೈಯಳತೆಯಲ್ಲಿ ಹಿಡಿದು ನೋಡಿರಿ.

ಮುಂಬೈಯ ಏಕ್ ಟೈಪ್ ಸಂಸ್ಥೆಯ ‘ಬಾಲೂ ತಮ್ಮ 2’ ನಿಮ್ಮ ಕೆಲಸಕ್ಕೆ ಹೊಂದುತ್ತದೆ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ಇದರಲ್ಲಿ 5 ದಪ್ಪಗಳಿವೆ. ಎಲ್ಲಕ್ಕಿಂತ ದಪ್ಪನೆಯದು ಬ್ಯಾನರಿಗೆ, ಮಧ್ಯಮದ್ದು ಚಿತ್ರಗಳ ಅಡಿಬರಹಕ್ಕೆ ಸರಿಹೋಗುತ್ತದೆ. ಕಥೆಯ ಒಡಲಿಗೆ ನೋಟೋ ಸೆರಿಫ್ ಕನ್ನಡದಂತಹ ತೆಳುಗೆರೆಯ ಫಾಂಟು ಇರಲಿ. ಬ್ಯಾನರಿನಲ್ಲಿ ಎರಡು ಸಾಲುಗಳಿದ್ದರೆ ನಡುವೆ ಧಾರಾಳವಾಗಿ ಜಾಗ ಬಿಡಿರಿ. ಇಲ್ಲದಿದ್ದರೆ ‘ಹಬ್ಬ’ದ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಪ್ರಿಂಟಿಂಗ್ ಪ್ರೆಸ್ಸಿನ ವಿಷಯದಲ್ಲಿ ಒಂದು ಮಾತು. ಹಳೆಯ ತಂತ್ರಾಂಶಗಳಲ್ಲಿ ಯೂನಿಕೋಡ್ ಕನ್ನಡವನ್ನು ತೆರೆದಾಗ ಒತ್ತಕ್ಷರಗಳು ಬಿಡಿಬಿಡಿಯಾಗುವುದುಂಟು. ಅಕ್ಷರಗಳನ್ನು ಕರ್ವ್ ಮಾಡಿಸಿಯೋ (ಅಂದರೆ ಚಿತ್ರದಂತೆ ಬರಿಯ ಗೆರೆಗಳಾಗಿ ಬದಲಿಸಿಯೋ), ಫಾಂಟು ಸೇರಿಸಿದ ಪಿಡಿಎಫ್ ಮಾಡಿಯೋ ಕೊಟ್ಟರೆ ಈ ತೊಂದರೆ ಬಾರದು.

ಪ್ರಶ್ನೆ: ಕರದಂಟಿನ ಡಬ್ಬಿಯ ಮೇಲೆ ಎಲ್ಲವನ್ನೂ ಇಂತಹ ಅಕ್ಷರದಲ್ಲೇ ಮುದ್ರಿಸಬಹುದೇ? ವ್ಯಾಪಾರಕ್ಕಾದರೆ ಹಣ ಕೊಡಬೇಕೇ?
— ಓದುಗರು, ಗೋಕಾಕ

ಉತ್ತರ: ತಿನಿಸಿನ ಹೆಸರನ್ನಷ್ಟೇ ಮುದ್ರಿಸಿರಿ. ಇಂಗ್ಲಿಷಿನ ಪ್ರಸಿದ್ಧ ದಪ್ಪಕ್ಷರವಾದ ಕೂಪರ್ ಬ್ಲ್ಯಾಕ್ 1922ರಿಂದ ಇಂದಿನವರೆಗೂ ಜಾಹೀರಾತಿನ ಶೀರ್ಷಿಕೆಗಳಲ್ಲೇ ಮೆರೆದಿದೆ. ಪದಾರ್ಥಗಳ ಪಟ್ಟಿ, ತೂಕ, ದಿನಾಂಕಗಳು ಗಿರಾಕಿಗೆ ಸ್ಪಷ್ಟವಾಗಿ ಕಾಣಬೇಕಾದವು. ಅವು ಸರಳ ಅಕ್ಷರದಲ್ಲಿರಲಿ. ಮೇಲೆ ಹೇಳಿದ ‘ಬಾಲೂ ತಮ್ಮ 2’ ಮುಕ್ತ ಪರವಾನಗಿಯಲ್ಲಿರುವುದರಿಂದ ಡಬ್ಬಿಗೂ ಬೋರ್ಡಿಗೂ ಹಣ ಕೊಡದೆ ಬಳಸಬಹುದು. ಫಾಂಟನ್ನೇ ಪ್ರತ್ಯೇಕವಾಗಿ ಮಾರಲು ಮಾತ್ರ ಅನುಮತಿಯಿಲ್ಲ. ಬೇರೆ ಫಾಂಟುಗಳನ್ನು ಆರಿಸುವುದಾದರೆ ಅವುಗಳ ಪರವಾನಗಿಯನ್ನು ಮೊದಲು ಓದಿಕೊಳ್ಳಿರಿ.