ಹತ್ತಿ ಬಿಟ್ಟು ಹೆಂಪ್ ಹಾಕಬಹುದಾ?

ಪ್ರಶ್ನೆ: ಹಾವೇರಿ ಹತ್ತಿರ ನಮ್ಮದು ನಾಲ್ಕು ಎಕರೆ ಮಳೆಯಾಶ್ರಿತ ಹೊಲ. ಹತ್ತಿಗೆ ಔಷಧಿ ಹೊಡೆದು ಹೊಡೆದು ಸಾಕಾಗಿದೆ. ಹೆಂಪ್‌ಗೆ ಔಷಧಿ ಬೇಡ, ನೀರೂ ಕಮ್ಮಿ ಸಾಕು, ಗಾಳಿಯ ಇಂಗಾಲವನ್ನೂ ಹೀರುತ್ತದೆ ಅಂತ ಮಗ ಮೊಬೈಲ್‌ನಲ್ಲಿ ತೋರಿಸಿದ. ಉತ್ತರಾಖಂಡದಲ್ಲಿ ಬೆಳೆಯುತ್ತಾರಂತೆ. ನಾವೂ ಹಾಕಬಹುದಾ?

ಮೊದಲು ಕಾನೂನಿನ ಮಾತು ಹೇಳಿಬಿಡುತ್ತೇನೆ. ಹೆಂಪ್ ಗಾಂಜಾ ಜಾತಿಯದೇ ಗಿಡ. ಅಮಲು ಬರಿಸುವ ಟಿಎಚ್‌ಸಿ ಅಂಶ ಇದರಲ್ಲಿ ತೀರಾ ಕಡಿಮೆ, ಅಷ್ಟೇ ವ್ಯತ್ಯಾಸ. 1985ರ ಎನ್‌ಡಿಪಿಎಸ್ ಕಾಯ್ದೆ (ಮಾದಕ ವಸ್ತು ತಡೆ ಕಾಯ್ದೆ) ಪ್ರಕಾರ ಪರವಾನಗಿ ಇಲ್ಲದೆ ಇದನ್ನು ಬೆಳೆದರೆ 10 ವರ್ಷದವರೆಗೆ ಜೈಲಾಗಬಹುದು. ಉತ್ತರಾಖಂಡ ಸರ್ಕಾರ ನಾರು, ಬೀಜಕ್ಕಾಗಿ ಪರವಾನಗಿ ಕೊಡುತ್ತದೆ. ಟಿಎಚ್‌ಸಿ ಶೇ 0.3 ದಾಟಬಾರದು ಎಂಬುದು ಅಲ್ಲಿಯ ಷರತ್ತು. ನಮ್ಮ ರಾಜ್ಯದಲ್ಲಿ ಅಂಥ ವ್ಯವಸ್ಥೆ ಇಲ್ಲ. ಹಾಗಾಗಿ ಯಾರೋ ಬೀಜ ತಂದುಕೊಟ್ಟರು ಅಂತ ಸುಮ್ನೆ ಒಂದು ಮೂಲೆಯಲ್ಲಿ ಹಾಕಿ ನೋಡುವುದೂ ಬೇಡ.

ನಾಳೆ ಅನುಮತಿ ಸಿಕ್ಕಿತು ಅಂದುಕೊಳ್ಳಿ. ಮಗ ತೋರಿಸಿದ್ದರಲ್ಲಿ ಸತ್ಯ ಇದೆ. ಆದರೆ ಅದು ಒಂದು ರೀತಿಯ ಬೇಸಾಯಕ್ಕೆ ಮಾತ್ರ ಹೊಂದುವ ಸತ್ಯ. ನಾರಿಗಾಗಿ ಬೆಳೆಯುವಾಗ ಚದರ ಮೀಟರಿಗೆ ನೂರಕ್ಕೂ ಹೆಚ್ಚು ಗಿಡ ಬರುವಂತೆ ಒತ್ತಾಗಿ ಬಿತ್ತುತ್ತಾರೆ. ಕೆಲವೇ ವಾರಗಳಲ್ಲಿ ಎಲೆ ಕೂಡಿಕೊಂಡು ನೆಲಕ್ಕೆ ಬಿಸಿಲೇ ಬೀಳುವುದಿಲ್ಲ. ಕಳೆ ತಾನಾಗಿ ಸೋಲುತ್ತದೆ. ಸುಮಾರು ನಾಲ್ಕು ತಿಂಗಳಲ್ಲಿ ಗಿಡ ಆಳಿಗಿಂತ ಎತ್ತರ ಬೆಳೆದಿರುತ್ತದೆ. ಯುರೋಪಿನಲ್ಲಿ ಕಳೆನಾಶಕ, ಕೀಟನಾಶಕ ಇಲ್ಲದೆಯೇ ಇದನ್ನು ತೆಗೆಯುವ ರೈತರು ಬಹಳ ಇದ್ದಾರೆ.

ಅದೇ ಗಿಡವನ್ನು ಹೂವಿನ ಎಣ್ಣೆಗಾಗಿ, ಅಂದರೆ ಅದರಲ್ಲಿರುವ ಸಿಬಿಡಿ ಎಂಬ ಅಂಶಕ್ಕಾಗಿ ಬೆಳೆದಾಗ ಕತೆ ಬೇರೆ. ಅಮೆರಿಕದಲ್ಲಿ ಟೊಮೆಟೊ ಹಾಕುವ ಹಾಗೆ ಗಿಡದಿಂದ ಗಿಡಕ್ಕೆ ಅಂತರ ಬಿಟ್ಟು, ಏರುಮಡಿಗೆ ಪ್ಲಾಸ್ಟಿಕ್ ಹೊದಿಸಿ, ಡ್ರಿಪ್ ಎಳೆದು ಬೆಳೆದರು. ಕಳೆ ಅಡಗಿಸುವ ನೆರಳು ಅಲ್ಲಿ ಎಲ್ಲಿಂದ ಬರಬೇಕು? ಹಂಗಾಮು ಮುಗಿದ ಮೇಲೆ ಆ ಪ್ಲಾಸ್ಟಿಕ್ಕೇ ಒಂದು ಕಸ.

ನೀರಿನ ವಿಷಯದಲ್ಲೂ ಎಚ್ಚರ ಬೇಕು. ಹತ್ತಿಗಿಂತ ಹೆಂಪ್‌ಗೆ ನೀರು ಕಮ್ಮಿ ಸಾಕು ಅನ್ನುವ ಲೆಕ್ಕಗಳು ಹೆಚ್ಚಾಗಿ ತಂಪು ಹವೆಯ, ಬೇಸಿಗೆಯಲ್ಲೂ ಮಳೆ ಬೀಳುವ ದೇಶಗಳಿಂದ ಬಂದವು. ಅದನ್ನೇ ಹಾವೇರಿಗೆ ತಂದು ಕೂರಿಸಲು ಆಗುವುದಿಲ್ಲ. ಗೊಬ್ಬರವೂ ಬೇಕು. ಒಳ್ಳೆಯ ಇಳುವರಿಗೆ ಹೆಕ್ಟೇರಿಗೆ 100 ಕೆಜಿ ಆಸುಪಾಸು ಸಾರಜನಕ ಕೇಳುತ್ತದೆ. ಅಷ್ಟನ್ನೂ ಯೂರಿಯಾದಲ್ಲೇ ಕೊಟ್ಟರೆ ಹಸಿರು ಬೆಳೆ ಅನ್ನುವ ಹೆಸರಿಗೆ ಅಷ್ಟರಮಟ್ಟಿಗೆ ಕುಂದು.

ಇನ್ನೊಂದು ತೊಡಕನ್ನು ಜಾಹೀರಾತುಗಳು ಹೇಳುವುದೇ ಇಲ್ಲ. ಹಗಲು ಚಿಕ್ಕದಾದಾಗ ಹೂ ಬಿಡುವುದು ಈ ಗಿಡದ ಸ್ವಭಾವ. ಉತ್ತರ ಫ್ರಾನ್ಸಿನಲ್ಲಿ ಜೂನ್ ತಿಂಗಳ ಹಗಲು 16 ಗಂಟೆ. ನಿಮ್ಮಲ್ಲಿ ಅತಿ ಉದ್ದದ ಹಗಲೆಂದರೆ 13 ಗಂಟೆ. ಅಲ್ಲಿಯ ತಳಿಯನ್ನು ಇಲ್ಲಿ ಬಿತ್ತಿದರೆ ಮೊಣಕಾಲೆತ್ತರಕ್ಕೇ ಹೂ ಬಿಟ್ಟುಬಿಡಬಹುದು. ಗಿಡ ಬೆಳೆಯದಿದ್ದರೆ ನಾರೂ ಇಲ್ಲ, ನೆರಳೂ ಇಲ್ಲ. ನಮ್ಮ ನೆಲಕ್ಕೆ ಹೊಂದುವ ತಳಿ ಮೊದಲು ಸಿದ್ಧವಾಗಬೇಕು.

ನನ್ನ ಮಟ್ಟಿಗೆ ದೊಡ್ಡ ಪ್ರಶ್ನೆ ಕೊಯ್ಲಿನ ನಂತರದ್ದು. ದಂಟಿನಿಂದ ನಾರು ಬಿಡಿಸಲು ಅದನ್ನು ಕೊಳೆಸಬೇಕು. ಹೊಲದಲ್ಲೇ ಹರವಿ, ಇಬ್ಬನಿಗೆ ಬಿಟ್ಟು, ಆಗಾಗ ಮಗುಚಿ ಹಾಕುವುದು ಒಂದು ದಾರಿ. ದಂಟು ಬೂದುಬಣ್ಣಕ್ಕೆ ತಿರುಗಿ, ಮುರಿದರೆ ನಾರು ಸಲೀಸಾಗಿ ಸುಲಿದು ಬರುತ್ತದೆ. ಇದರಿಂದ ಪರಿಸರಕ್ಕೆ ಹೊರೆ ಕಡಿಮೆ, ಆದರೆ ಹದವಾದ ತೇವ ಬೇಕು. ಕೆರೆಯಲ್ಲಿ ಮುಳುಗಿಸುವುದು ಇನ್ನೊಂದು ದಾರಿ. ಪುಂಡಿ ದಂಟು ಕೊಳೆಹಾಕಿದ ಹೊಂಡ ನೋಡಿದ್ದರೆ ನಿಮಗೇ ಗೊತ್ತು, ಅಲ್ವಾ? ನೀರು ಕಪ್ಪಾಗಿ ನಾರುತ್ತದೆ, ಆಮ್ಲಜನಕ ಕುಸಿದು ಮೀನು ಸಾಯುತ್ತವೆ. ನೂರಾರು ಎಕರೆಯ ದಂಟು ಒಂದೇ ಕೆರೆಗೆ ಇಳಿದರೆ ಆ ಊರಿನ ಗತಿ ಏನು?

ಇಂಗಾಲದ ಲೆಕ್ಕವೂ ಅಲ್ಲೇ ತೀರ್ಮಾನವಾಗುತ್ತದೆ. ಹೆಕ್ಟೇರಿಗೆ 9ರಿಂದ 15 ಟನ್ ಕಾರ್ಬನ್ ಡೈಆಕ್ಸೈಡ್ ಹೀರುತ್ತದೆ ಎಂದು ಯುರೋಪಿಯನ್ ಕಮಿಷನ್ ಹೇಳುತ್ತದೆ. ಹೀರುವುದು ನಿಜ. ಆದರೆ ದಂಟನ್ನು ಸುಟ್ಟರೆ ಅದು ಆ ದಿನವೇ ಗಾಳಿಗೆ ವಾಪಸ್. ದಂಟಿನ ಒಳಗಿನ ಬೆಂಡನ್ನು ಸುಣ್ಣದ ಜೊತೆ ಕಲಸಿ ಗೋಡೆ ಕಟ್ಟಿದರೆ ಆ ಇಂಗಾಲ ಅಲ್ಲೇ ದಶಕಗಳ ಕಾಲ ಉಳಿಯುತ್ತದೆ, ಸುಣ್ಣ ಸುಡುವಾಗ ಬಿಡುಗಡೆಯಾದ ಇಂಗಾಲವನ್ನು ಮಾತ್ರ ಅದರಿಂದ ಕಳೆಯಬೇಕು.

ಅದಕ್ಕೇ ಹೇಳುವುದು: ನಾರು ಬಿಡಿಸುವ ಕಾರ್ಖಾನೆ ಹತ್ತಿರದಲ್ಲಿ ಇಲ್ಲದಿದ್ದರೆ ಈ ಬೆಳೆಗೆ ಕೈ ಹಾಕಬಾರದು. ದಂಟು ತೂಕಕ್ಕಿಂತ ಜಾಗ ಹೆಚ್ಚು ತಿನ್ನುವ ಸರಕು, ದೂರ ಸಾಗಿಸಿದರೆ ಡೀಸೆಲ್‌ಗೇ ಲಾಭ ಹೋಗುತ್ತದೆ. ಹೆಂಪ್ ಬೆಳೆಯಲು ಅವಕಾಶ ಕೊಟ್ಟ 2018ರ ಕಾನೂನಿನ ನಂತರ ಅಮೆರಿಕದ ರೈತರು ಕೊಳ್ಳುವವರನ್ನು ಗೊತ್ತುಮಾಡಿಕೊಳ್ಳದೆ ಮುಗಿಬಿದ್ದರು. ಬೆಲೆ ಕುಸಿಯಿತು. 2021ರಲ್ಲಿ ಸುಮಾರು 54 ಸಾವಿರ ಎಕರೆ ಇದ್ದ ಬೆಳೆ ಮರುವರ್ಷವೇ 28 ಸಾವಿರಕ್ಕೆ ಇಳಿಯಿತು.

ಸದ್ಯಕ್ಕೆ ನಿಮ್ಮ ಹೊಲಕ್ಕೆ ನನ್ನ ಸಲಹೆ ಅಪ್ಸೆಣಬು. ಇದು ಹೆಂಪ್ ಜಾತಿಯದಲ್ಲ, ಕಾನೂನಿನ ಅಡ್ಡಿಯೂ ಇಲ್ಲ. ಬೇಳೆಕಾಳಿನ ಕುಟುಂಬದ ಗಿಡವಾದ್ದರಿಂದ ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಕೂಡಿಡುತ್ತದೆ. ಮುಂಗಾರಿನ ಮೊದಲ ಮಳೆಗೆ ಚೆಲ್ಲಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ. ಮುಂದಿನ ಬೆಳೆಗೆ ಗೊಬ್ಬರದ ಖರ್ಚು ತಗ್ಗುತ್ತದೆ.

ಪ್ರಶ್ನೆ: ಹೆಂಪ್ ಶರ್ಟ್ ಪರಿಸರಕ್ಕೆ ಒಳ್ಳೆಯದು ಅಂತ ದುಬಾರಿ ಬೆಲೆಗೆ ಮಾರುತ್ತಾರೆ. ಕೊಳ್ಳಬಹುದಾ?

ಲೇಬಲ್ ಓದಿ ಕೊಳ್ಳಿ. ಎಷ್ಟೋ ಬಟ್ಟೆಗಳಲ್ಲಿ ಅರ್ಧದಷ್ಟು ಹತ್ತಿಯೇ ಇರುತ್ತದೆ. ಹೆಂಪ್ ನಾರು ಒರಟು. ಹತ್ತಿಯಂತೆ ಮೆದುವಾಗಲು ಅದನ್ನು ಹಲವು ಕಡೆ ಕಾಸ್ಟಿಕ್ ಸೋಡಾದಲ್ಲಿ ಬೇಯಿಸುತ್ತಾರೆ. ಆ ನೀರನ್ನು ಶುದ್ಧ ಮಾಡಿ ಬಿಡುತ್ತಾರಾ ಅಂತ ಮಾರುವವರನ್ನು ಕೇಳಿ. ಈ ನಾರು ಗಟ್ಟಿ, ಬಹಳ ಬಾಳಿಕೆ ಬರುತ್ತದೆ. ಒಂದನ್ನು ಕೊಂಡು ವರ್ಷಗಟ್ಟಲೆ ಹಾಕಿಕೊಳ್ಳುವವರಿಗೆ ಖಂಡಿತ ಒಳ್ಳೆಯದು.

ಪ್ರಶ್ನೆ: ಕಾರ್ಖಾನೆಯಿಂದ ಕೆಟ್ಟ ಮಣ್ಣನ್ನು ಹೆಂಪ್ ಶುದ್ಧ ಮಾಡುತ್ತದಂತೆ, ನಿಜವೇ?

ಸ್ವಲ್ಪ ಮಟ್ಟಿಗೆ ನಿಜ. ಅಣುಸ್ಥಾವರ ದುರಂತ ನಡೆದ ಚೆರ್ನೋಬಿಲ್ ಪ್ರದೇಶದಲ್ಲೂ 1990ರ ದಶಕದ ಕೊನೆಗೆ ಪ್ರಯೋಗ ಮಾಡಿದ್ದರು. ಕ್ಯಾಡ್ಮಿಯಂನಂಥ ಭಾರಲೋಹಗಳನ್ನು ಗಿಡ ಹೀರುತ್ತದೆ, ಆದರೆ ಬಹಳ ನಿಧಾನ. ಹೀರಿದ ವಿಷ ಗಿಡದಲ್ಲೇ ಇರುತ್ತದೆ. ಹಾಗಾಗಿ ಆ ನೆಲದ ಬೀಜ, ಎಲೆ ಯಾರ ಹೊಟ್ಟೆಗೂ, ದನಕ್ಕೂ ಹೋಗಬಾರದು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2021ರಲ್ಲಿ ಹೆಂಪ್ ಬೀಜ, ಬೀಜದ ಎಣ್ಣೆ, ಬೀಜದ ಹಿಟ್ಟನ್ನು ಆಹಾರವಾಗಿ ಒಪ್ಪಿದೆ. ಕೊಳ್ಳುವಾಗ ಪರವಾನಗಿ ಸಂಖ್ಯೆ ನೋಡಿ, ಆ ಬ್ಯಾಚಿನ ಭಾರಲೋಹ ಪರೀಕ್ಷೆಯ ವರದಿ ಕೇಳಿ. ಕೊಡದಿದ್ದರೆ ಕೊಳ್ಳಬೇಡಿ.