ಓದುಗರ ಪ್ರಶ್ನೆ: ಮಂಡಳದ ಸಭೆ, ಏಳರ ಧಾರಾವಾಹಿ

ಪ್ರಶ್ನೆ: ನಮ್ಮ ಮಹಿಳಾ ಮಂಡಳದ ಸಭೆ ಸಂಜೆ ಏಳಕ್ಕ. ಧಾರಾವಾಹಿ ಬಿಟ್ಟು ಯಾರೂ ಬರಂಗಿಲ್ಲ. ಮನಿಯಾಗ ಸೆಟ್‌ಟಾಪ್ ಬಾಕ್ಸಿಗೆ ಪೆನ್‌ಡ್ರೈವ್ ಹಚ್ಚಿ ರೆಕಾರ್ಡ್ ಮಾಡಿ ಮಂಡಳದ ಟಿವಿಗೆ ಹಾಕಿದ್ರ ಓಡವಲ್ದು. ಯಾಕ್ರಿ?
– ಸದಸ್ಯೆಯರು, ಇಂಡಿ

ಉತ್ತರ: ಪೆನ್‌ಡ್ರೈವ್ ಕೆಟ್ಟಿಲ್ಲ. ಇಂಥ ಬಾಕ್ಸುಗಳು ರೆಕಾರ್ಡ್ ಮಾಡುವಾಗಲೇ ಕಡತಕ್ಕೆ ಬೀಗ ಹಾಕುತ್ತವೆ. ಕೀಲಿಕೈ ಅದೇ ಬಾಕ್ಸಿನಲ್ಲಿ ಉಳಿಯುತ್ತದೆ. ಹಾಗಾಗಿ ರೆಕಾರ್ಡ್ ಮಾಡಿದ ಮನೆಯಲ್ಲೇ ನೋಡಬೇಕು. ಪೆನ್‌ಡ್ರೈವ್ ಮೊದಲ ಸಲ ಹಚ್ಚಿದಾಗ 'ಫಾರ್ಮ್ಯಾಟ್' ಕೇಳಿದರೆ ಎಚ್ಚರ, ಅದರಲ್ಲಿದ್ದ ಮದುವೆ ಫೋಟೊಗಳೆಲ್ಲ ಅಳಿಸಿಹೋಗುತ್ತವೆ. ಇದಕ್ಕೆಂದೇ 32 ಜಿಬಿಯದೊಂದು ಇಟ್ಟುಕೊಳ್ಳಿ. ಸೆಕೆಂಡಿಗೆ 3 ಮೆಗಾಬಿಟ್ ಲೆಕ್ಕ ಹಿಡಿದರೆ ಅರ್ಧ ಗಂಟೆಗೆ ಸುಮಾರು 675 ಎಂಬಿ; ಎಚ್‌ಡಿ ಚಾನೆಲ್‌ಗೆ ಇದರ ಎರಡು-ಮೂರು ಪಟ್ಟು. ತೀರ ಅಗ್ಗದ ಪೆನ್‌ಡ್ರೈವ್ ಬರೆಯುವ ವೇಗ ಸಾಲದೆ ಚಿತ್ರ ತಡವರಿಸುತ್ತದೆ.

ಟೈಮರ್ ಇಟ್ಟು ಗೋಡೆಯ ಸ್ವಿಚ್ ಆರಿಸಿ ಹೋಗುವವರೇ ಹೆಚ್ಚು. ಆರಿಸಬೇಕಾದ್ದು ಟಿವಿಯನ್ನು ಮಾತ್ರ, ಬಾಕ್ಸು ಸ್ಟ್ಯಾಂಡ್‌ಬೈನಲ್ಲಿರಲಿ, ಅಂದರೆ ಅದಕ್ಕೆ ಕರೆಂಟು ಬರುತ್ತಲೇ ಇರಲಿ. ನಡುವೆ ಕರೆಂಟು ಹೋದರೆ ರೆಕಾರ್ಡಿಂಗ್ ತುಂಡಾಗುತ್ತದೆ, ಇನ್ವರ್ಟರ್ ಇದ್ದರೆ ಬಾಕ್ಸನ್ನು ಅದಕ್ಕೆ ಜೋಡಿಸಿ. ಮುಗಿಯುವ ವೇಳೆಗೆ ಹತ್ತು ನಿಮಿಷ ಸೇರಿಸಿ.

ಆದರೆ ಏಳು ಗಂಟೆಯೆಂದರೆ ಬಿಸಿ ರೊಟ್ಟಿ ಬಡಿಯುವ ಹೊತ್ತೂ ಹೌದಲ್ಲ? ಅದಕ್ಕೆ ಯಾವ ಬಾಕ್ಸಿನಲ್ಲೂ ಟೈಮರ್ ಇಲ್ಲ. ಸಭೆಯ ದಿನ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಮಧ್ಯಾಹ್ನದ ಎಣ್ಣೆಗಾಯಿ ಸಾಕು. ಗಂಡಸರು ತಾವೇ ಬಡಿಸಿಕೊಳ್ಳಲಿ. ಅದೂ ಆಗದಿದ್ದರೆ ಸಭೆಯನ್ನೇ ನಾಲ್ಕು ಗಂಟೆಗೆ ತನ್ನಿ. ರೆಕಾರ್ಡಿಂಗಿನ ಗೊಡವೆಯೇ ಬೇಡ.

ಪ್ರಶ್ನೆ: ಊರ ಮಂದಿಯೆಲ್ಲ ಕೂಡಿ ಒಂದೇ ಟಿವಿ ನೋಡತಿದ್ದರು ಅಂತ ನಮ್ಮ ಅತ್ತಿ ಹೇಳತಾರ. ಖರೇನ?
– ಓದುಗರು, ಮುಧೋಳ

ಉತ್ತರ: ಖರೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ 'ಸೈಟ್' ಎಂಬ ಉಪಗ್ರಹ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಪ್ರಸಾರ. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳನ್ನು. ನಿಮ್ಮ ಮುಧೋಳ ಆಗ ವಿಜಾಪುರಕ್ಕೇ ಸೇರಿತ್ತು. ಸುಮಾರು ಮೂರು ಮೀಟರಿನ ತಂತಿಜಾಲರಿಯ ಛತ್ರಿ (ಡಿಶ್ ಆಂಟೆನಾ), ಶಾಲೆಯಂಥ ಸಾರ್ವಜನಿಕ ಜಾಗದಲ್ಲಿ ಒಂದು ಸೆಟ್ಟು. ಬೆಳಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಸಂಜೆಯೆಂದರೆ ಆಗಲೂ ಒಲೆ ಹಚ್ಚುವ ಹೊತ್ತೇ. ನಿಮ್ಮ ಅತ್ತೆಯವರು ಎಷ್ಟು ದಿನ ಪೂರ್ತಿ ಕೂತು ನೋಡಿದರು, ಕೇಳಿ ಬರೆಯಿರಿ.